ಅಪ್ಪನನ್ನು ಕರೆದುಕೊಂಡು ಬಾ: ಪ್ರೌಢಶಾಲೆಯ ಸುದ್ದಿ ಮನೆ ತಲುಪುವ ಬಗೆ



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದು ಗೌರವಿಸಿದ್ದೀರಿ. ನಾನು ದೊಡ್ಡ ವಿದ್ವಾಂಸನಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಸುಣ್ಣದ ಕಡ್ಡಿ ಹಿಡಿದು ಆಯುಷ್ಯ ಕಳೆದ ಮೇಷ್ಟರು. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಪದಾಧಿಕಾರಿಗಳು ಹೇಳಿದಾಗ, ಕೆಲಸದಲ್ಲಿದ್ದಷ್ಟು ಕಾಲವೂ ನನ್ನನ್ನು ಕಾಡಿದ, ಹೊರಗಿನವರಿಗೆ ಸಣ್ಣದೆಂದು ಕಾಣಬಹುದಾದ ವಿಷಯವೇ ನೆನಪಿಗೆ ಬಂತು. ಪ್ರೌಢಶಾಲೆಯಲ್ಲಿ ಮಗು ಹೇಗಿದೆ, ಏನು ಕಲಿಯುತ್ತಿದೆ ಎಂಬುದು ಮನೆಗೆ ತಿಳಿಯುವುದು ಹೇಗೆ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಇಲ್ಲಿರುವ ಎಲ್ಲರೂ ವಿದ್ಯಾರ್ಥಿಯಾಗಿದ್ದಾಗ ಒಮ್ಮೆಯಾದರೂ ಕೇಳಿರಬಹುದಾದ, ಕೇಳಿ ಎದೆ ಧಸಕ್ಕೆಂದಿರಬಹುದಾದ ಒಂದು ಮಾತಿದೆ: 'ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.' ನಾನೂ ಕೇಳಿದ್ದೇನೆ. ಒಂಬತ್ತನೇ ತರಗತಿಯಲ್ಲಿದ್ದಾಗ ವಾರದ ಮೇಲೆ ಶಾಲೆ ತಪ್ಪಿಸಿದ್ದೆ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಎಂದರೆ ಕೊನೆಯ ಪೊರೆ ಕಳಚುವ ಹಂತ, ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದ ದಿನಗಳು. ಸೊಪ್ಪು ಕುಯ್ಯಲು, ಹೊರಲು, ಹಾಕಲು ಮನೆಯ ಎಲ್ಲ ಕೈಗಳೂ ಬೇಕಿದ್ದವು. ಅಪ್ಪ ಬಂದರು. ಸೊಪ್ಪಿನ ಹಾಲಿಗೆ ಕಪ್ಪಾದ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ, ಎಕ್ಕಡ ಹೊರಗೆ ಬಿಟ್ಟು, ಮೇಷ್ಟರ ಕೊಠಡಿಯ ಬಾಗಿಲ ಹತ್ತಿರ ಅರ್ಧ ಗಂಟೆ ನಿಂತರು. ಒಳಗಿನಿಂದ ಬಂದದ್ದು ಒಂದೇ ಮಾತು: ನಿಮ್ಮ ಹುಡುಗ ಸರಿಯಾಗಿ ಬರುತ್ತಿಲ್ಲ, ಹೀಗಾದರೆ ಪಾಸಾಗುವುದಿಲ್ಲ. ಅಪ್ಪ 'ಆಯ್ತು ಸ್ವಾಮಿ' ಎಂದು ಕೈಮುಗಿದರು. ಊರಿನ ಹಾದಿಯಲ್ಲಿ ಬೈಯುತ್ತಾರೆಂದು ನಾನು ಹೆದರಿದ್ದೆ, ಆದರೆ ಅವರು ಬೈಯಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಕೇಳಿದರು: 'ಅಲ್ಲಿ ನಿಂಗೆ ಏನ್ ಹೇಳ್ಕೊಡ್ತಾರೆ?'

ಎರಡು ವರ್ಷ ಮಗನನ್ನು ಹೈಸ್ಕೂಲಿಗೆ ಕಳಿಸಿದ ತಂದೆಗೆ ಅಲ್ಲಿ ಏನು ಹೇಳಿಕೊಡುತ್ತಾರೆಂದು ಯಾರೂ ಹೇಳಿರಲಿಲ್ಲ. ಶಾಲೆಯಿಂದ ಅವರ ಕಿವಿಗೆ ಬಿದ್ದ ಮೊದಲ ಸುದ್ದಿಯೇ ದೂರು. ಶಾಲೆಯಿಂದ ದೂರನ್ನು ಮಾತ್ರ ಕೇಳುವ ಮನೆ ಕ್ರಮೇಣ ಶಾಲೆಯಿಂದ ದೂರವಾಗುತ್ತದೆ. ದೂರು ಹೇಳುವ ಪ್ರಸಂಗ ಬರುವುದಕ್ಕೆ ಬಹಳ ಮೊದಲೇ ಸುದ್ದಿ ಹೋಗಿರಬೇಕು, ಅದೂ ಆ ಮನೆಯ ಭಾಷೆಯಲ್ಲಿ, ಆ ಮನೆಗೆ ಬಿಡುವಾಗುವ ಹೊತ್ತಿನಲ್ಲಿ. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಇದನ್ನು ನಾಲ್ಕು ಭಾಗ ಮಾಡಿಕೊಳ್ಳುತ್ತೇನೆ. ಮನೆಗೂ ಪ್ರೌಢಶಾಲೆಗೂ ನಡುವೆ ದೂರ ಹುಟ್ಟಿದ್ದು ಹೇಗೆ ಎಂಬುದು ಮೊದಲನೆಯದು. ಏನನ್ನು ತಿಳಿಸಬೇಕು ಎಂಬುದು ಎರಡನೆಯದು. ಯಾವಾಗ, ಯಾವ ದಾರಿಯಲ್ಲಿ ಎಂಬುದು ಮೂರನೆಯದು. ಏನನ್ನು ಹೇಳಬಾರದು, ಏನನ್ನು ಕೇಳಿಸಿಕೊಳ್ಳಬೇಕು ಎಂಬುದು ಕೊನೆಯದು.

ಮೊದಲು ದೂರದ ಮಾತು. ನಮ್ಮ ಕಡೆ ಏಳನೇ ತರಗತಿಯವರೆಗಿನ ಶಾಲೆ ಸಾಮಾನ್ಯವಾಗಿ ಊರೊಳಗೋ ಕೂಗಳತೆಯಲ್ಲೋ ಇರುತ್ತದೆ. ಗಂಟೆ ಹೊಡೆದರೆ ಹೊಲದಲ್ಲಿರುವವರಿಗೆ ಕೇಳುತ್ತದೆ. ಬಿಸಿಯೂಟ ಮಾಡುವವರು ಅದೇ ಊರಿನ ಹೆಂಗಸರು. ಮೇಷ್ಟರು ಬಂದರೋ ಇಲ್ಲವೋ, ಸಾರಿಗೆ ಏನು ಹಾಕಿದ್ದರು, ಯಾರ ಮಗ ಬಿದ್ದು ಮಂಡಿ ತರಚಿಕೊಂಡ ಎಂಬುದೆಲ್ಲ ಯಾರೂ ಹೇಳದೆಯೇ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಅಲ್ಲಿ ಮಾಹಿತಿಗೆ ವ್ಯವಸ್ಥೆಯೇ ಬೇಕಿಲ್ಲ. ಎಂಟನೇ ತರಗತಿಗೆ ಮಗು ಹೋಬಳಿಯ ಹೈಸ್ಕೂಲಿಗೆ ಸೇರುತ್ತದೆ. ಕನಕಪುರ ತಾಲ್ಲೂಕಿನಲ್ಲಾದರೆ ಸಾತನೂರಿಗೋ ಕೋಡಿಹಳ್ಳಿಗೋ, ಮಾಗಡಿಯಲ್ಲಾದರೆ ಕುದೂರಿಗೋ ತಿಪ್ಪಸಂದ್ರಕ್ಕೋ, ಚನ್ನಪಟ್ಟಣದಲ್ಲಾದರೆ ಮಳೂರಿಗೋ, ರಾಮನಗರದಲ್ಲಾದರೆ ಕೈಲಾಂಚಕ್ಕೋ ಬಿಡದಿಗೋ ಹೊರಡುತ್ತದೆ. ಬೆಳಿಗ್ಗೆ ಬಸ್ಸು ಹತ್ತಿದ ಮಗುವಿನ ಬೆನ್ನು ಕಾಣುತ್ತದೆ, ಸಂಜೆ ಇಳಿದ ಮುಖ ಕಾಣುತ್ತದೆ. ನಡುವಿನ ಹೊತ್ತು ಮನೆಗೆ ಕತ್ತಲೆ. ಊರಿನವರೆಲ್ಲ ಬಲ್ಲ ಒಬ್ಬಿಬ್ಬರು ಮೇಷ್ಟರ ಜಾಗದಲ್ಲಿ ಈಗ ವಿಷಯಕ್ಕೊಬ್ಬರಂತೆ ಆರೇಳು ಜನ ಇರುತ್ತಾರೆ. ಮಗುವಿನ ಬಗ್ಗೆ ಕೇಳಬೇಕಾದರೆ ಯಾರನ್ನು ಕೇಳಬೇಕು ಎಂಬುದೂ ಮನೆಗೆ ಗೊತ್ತಿರುವುದಿಲ್ಲ.

ಕಾನೂನು ಕೂಡ ಈ ಹೊಸ್ತಿಲ ಹತ್ತಿರವೇ ನಿಂತುಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆಗಿರುವ ಪ್ರಗತಿಯನ್ನು ಅವರಿಗೆ ತಿಳಿಸಬೇಕು ಎಂದು ವಿಧಿಸುತ್ತದೆ. ಹೀಗೆ ತಿಳಿಸುವುದು ಮೇಷ್ಟರ ದಾಕ್ಷಿಣ್ಯವಲ್ಲ, ಕೆಲಸದ ಭಾಗ. ಆದರೆ ಆ ಕಾಯಿದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷದವರೆಗೆ, ಎಂದರೆ ಎಂಟನೇ ತರಗತಿಯವರೆಗೆ. ಮಗು ಮನೆಯಿಂದ ದೂರ ಹೋಗುವ, ಮೈ ಮನಸ್ಸು ಎರಡೂ ಬದಲಾಗುವ, ಮುಂದಿನ ದಾರಿ ನಿಶ್ಚಯವಾಗುವ ಒಂಬತ್ತು ಹತ್ತನೇ ತರಗತಿಗೆ ಆ ಕಲಮಿನ ಕೈ ಚಾಚುವುದಿಲ್ಲ. ಕಾನೂನು ಬಿಟ್ಟ ಜಾಗವನ್ನು ನಮ್ಮ ಮನಸ್ಸಾಕ್ಷಿಯೇ ತುಂಬಬೇಕು.

ಇಲ್ಲಿ ಹಳೆಯ ಕಾಲದ ಒಂದು ರೂಢಿಯನ್ನು ನೆನೆಯುತ್ತೇನೆ. ಹಳೆಯ ಮೈಸೂರು ಸೀಮೆಯ ಕೂಲಿಮಠಗಳೆಂಬ ಹಳ್ಳಿಶಾಲೆಗಳಲ್ಲಿ ಮಹಾನವಮಿ ಬಂತೆಂದರೆ ಅಯ್ಯನವರು, ಎಂದರೆ ಅಲ್ಲಿನ ಗುರುಗಳು, ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೂ ಹೋಗಿ ಚೌಪದವೆಂಬ ಹಾಡು ಹಾಡಿಸುತ್ತಿದ್ದರು. ಮನೆಯವರು ಕೊಟ್ಟ ಕಾಣಿಕೆ ಅಯ್ಯನವರ ಜೀವನಕ್ಕೆ ಆಗುತ್ತಿತ್ತು. ಅದರ ಜೊತೆಗೆ ತಮ್ಮ ಹುಡುಗ ಕಲಿತದ್ದು ಜಗಲಿಯ ಮೇಲೆ ಅಜ್ಜಿಯ ಕಿವಿಗೂ ಬೀಳುತ್ತಿತ್ತು. ಆ ಮಠಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು, ದಲಿತರ ಮಕ್ಕಳು ಆ ಜಗಲಿಯಿಂದ ಆಚೆಗೇ ಉಳಿದಿದ್ದರು. ಆದ್ದರಿಂದ ಆ ಕಾಲ ಮರಳಿ ಬರಲಿ ಎಂದು ನಾನು ಹೇಳಲಾರೆ. ಆದರೆ ಕಲಿತದ್ದನ್ನು ಹೊತ್ತು ಶಾಲೆಯೇ ಮನೆಯ ಬಾಗಿಲಿಗೆ ನಡೆದು ಹೋಗುತ್ತಿತ್ತಲ್ಲ, ಆ ನಡೆಯನ್ನು ಎಲ್ಲ ಮನೆಗಳಿಗೂ ಸೇರುವಂತೆ ಹೊಸದಾಗಿ ರೂಢಿಸಿಕೊಳ್ಳಬಹುದು.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಏನನ್ನು ತಿಳಿಸಬೇಕು?

ನಮ್ಮ ಜನ ಲೆಕ್ಕ ಅರಿಯದವರಲ್ಲ. ಡೈರಿಯಲ್ಲಿ ಹಾಲು ಹಾಕುವ ತಾಯಿ ಎಷ್ಟು ಲೀಟರ್, ಎಷ್ಟು ಫ್ಯಾಟು ಎಂಬುದನ್ನು ಅಲ್ಲೇ ತಿಳಿದುಕೊಂಡು ಹೋಗುತ್ತಾಳೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಲಾಟು ತಂದ ರೈತ ತನ್ನ ಗೂಡಿನ ತೂಕವೆಷ್ಟು, ಹರಾಜಿನಲ್ಲಿ ಬಂದ ದರವೆಷ್ಟು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಹಾಲಿಗೂ ಗೂಡಿಗೂ ಅಂದಂದೇ ಲೆಕ್ಕ ಕೇಳುವ ಇದೇ ತಾಯಿ, ಇದೇ ತಂದೆ ಮಗುವಿನ ಓದಿನ ವಿಷಯ ಬಂದಾಗ ಮಾತ್ರ ಹತ್ತನೇ ತರಗತಿಯ ಫಲಿತಾಂಶದ ತನಕ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ಕೇಳುವ ಹಕ್ಕು ತಮಗಿದೆ ಎಂದು ಅವರಿಗೆ ಅನ್ನಿಸಿಲ್ಲ, ಅನ್ನಿಸುವಂತೆ ನಾವೂ ನಡೆದುಕೊಂಡಿಲ್ಲ.

ಮೊದಲು ವ್ಯವಸ್ಥೆಯ ಸಂಗತಿಗಳನ್ನು ತೆಗೆದುಕೊಳ್ಳೋಣ. ಮೇಷ್ಟರಿಗೆ ಇವು ಎರಡಕ್ಕೆರಡು ನಾಲ್ಕಿನಷ್ಟು ಸುಲಭ, ಮನೆಗೆ ಮಾತ್ರ ಒಗಟು. ಎಸ್ಸೆಸ್ಸೆಲ್ಸಿ ಎಂದರೆ ಮಾರ್ಚ್ ಏಪ್ರಿಲಿನ ಕೆಲವು ದಿನಗಳ ಪರೀಕ್ಷೆ ಎಂದೇ ಬಹಳ ಜನ ತಿಳಿದಿದ್ದಾರೆ. ನಾವು ವರ್ಷಗಳಿಂದ ಕಂಡ 625 ಅಂಕಗಳ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25 ಅಂಕ, ಉಳಿದ ಪ್ರತಿ ವಿಷಯದ 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ ಸೇರಿದವು. ಎಲ್ಲ ಕೂಡಿಸಿದರೆ 125 ಅಂಕ. ವರ್ಷವಿಡೀ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳು, ಮಕ್ಕಳ ಬಾಯಲ್ಲಿ 'ಎಫ್‌ಎ' ಎನಿಸಿಕೊಳ್ಳುವ ಆ ಸಣ್ಣ ಪರೀಕ್ಷೆಗಳು ಮತ್ತು ಚಟುವಟಿಕೆಗಳು, ಇವುಗಳ ಆಧಾರ. ಎಂದರೆ ಒಟ್ಟು ಅಂಕದ ಐದನೇ ಒಂದು ಭಾಗ ಪರೀಕ್ಷಾ ಕೇಂದ್ರದ ಬಾಗಿಲು ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಆಗಸ್ಟಿನಲ್ಲಿ ಒಂದು ಎಫ್‌ಎ ತಪ್ಪಿದರೆ ಏನಾಗುತ್ತದೆ ಎಂದು ಆಗಸ್ಟಿನಲ್ಲೇ ತಿಳಿದ ಮನೆ ಮಗುವನ್ನು ಆ ದಿನ ಹೊಲಕ್ಕೆ ಕರೆಯುವ ಮುನ್ನ ಎರಡು ಬಾರಿ ಯೋಚಿಸುತ್ತದೆ. ಮೇ ತಿಂಗಳಲ್ಲಿ ತಿಳಿದರೆ ಮರುಗುವುದಷ್ಟೇ ಉಳಿಯುತ್ತದೆ.

ಪರೀಕ್ಷೆಯ ನಿಯಮಗಳು ಒಂದೇ ಸಮನೆ ನಿಲ್ಲುವುದೂ ಇಲ್ಲ. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ ಬಹುಆಯ್ಕೆ ಪ್ರಶ್ನೆಗಳ ಮೂಲಕ ಇಡೀ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. 2023-24ನೇ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಒಂದರಲ್ಲಿ ಎಡವಿದವರು ಅದೇ ವರ್ಷ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಇದು ಬಡ ಮನೆಯ ಮಗುವಿಗೆ ಎಷ್ಟು ದೊಡ್ಡ ಆಸರೆ ಎಂದು ಯೋಚಿಸಿ. ಆದರೆ 'ಫೇಲಾದ' ಎಂಬ ಮಾತು ಮನೆ ಸೇರುವ ವೇಗದಲ್ಲಿ 'ಇದೇ ವರ್ಷ ಮತ್ತೆ ಬರೆಯಬಹುದು' ಎಂಬ ಮಾತು ಸೇರುವುದಿಲ್ಲ. ಈ ಎರಡು ಮಾತುಗಳ ನಡುವಿನ ಕೆಲವೇ ದಿನಗಳಲ್ಲಿ ಹುಡುಗನೊಬ್ಬ ಗ್ಯಾರೇಜಿಗೆ ಸೇರಿರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರು ಮಾಡಿರುತ್ತಾರೆ. ಮೊದಲ ಫಲಿತಾಂಶ ಬಂದ ದಿನವೇ, ಅದೇ ಸಂಜೆ, ತೇರ್ಗಡೆಯಾಗದ ಪ್ರತಿ ಮಗುವಿನ ಮನೆಗೂ ಶಾಲೆಯಿಂದ ಒಂದು ಧ್ವನಿ ಹೋಗಬೇಕು. ವರ್ಷದ ಎಲ್ಲ ಸುದ್ದಿಗಳಲ್ಲಿ ಇದೇ ಅತ್ಯಂತ ತುರ್ತಾದದ್ದು ಎಂದು ನಾನು ನಂಬಿದ್ದೇನೆ.

ಇನ್ನು ಕಲಿಕೆಯ ಮಾತು. ಅಂಕಪಟ್ಟಿ ಅಳತೆಯನ್ನು ಹೇಳುತ್ತದೆ, ಕಲಿತದ್ದನ್ನು ತೋರಿಸುವುದಿಲ್ಲ. ಗಣಿತ 38 ಎಂದು ಬರೆದು ಕಳಿಸಿದರೆ ತಾಯಿಗೆ ಸಿಗುವುದು ಸಂತೋಷವೋ ದುಃಖವೋ ಮಾತ್ರ. ಮಗು ಸಮೀಕರಣ ಬಿಡಿಸುತ್ತದೆ, ಆದರೆ ಭಿನ್ನರಾಶಿಯಲ್ಲಿ ತಡವರಿಸುತ್ತದೆ ಎಂದರೆ ಅದು ಸುದ್ದಿ. ಓದು ಬಾರದ ತಾಯಿಗೂ ಇದನ್ನು ತೋರಿಸಬಹುದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡ 69ರ ಆಸುಪಾಸಿನಲ್ಲಿತ್ತು, ಹೆಂಗಸರಲ್ಲಿ ಅದಕ್ಕೂ ಕಡಿಮೆ. ಅಂದು ಅಕ್ಷರ ತಪ್ಪಿಹೋದವರಲ್ಲಿ ಎಷ್ಟೋ ಜನ ಇಂದು ಹೈಸ್ಕೂಲು ಮಕ್ಕಳ ತಾಯಂದಿರು, ಅಜ್ಜಿಯರು.

ನನ್ನ ಅನುಭವದ ಒಂದು ಮಧ್ಯಾಹ್ನವನ್ನು ಹೇಳುತ್ತೇನೆ. ಹತ್ತನೇ ತರಗತಿಗೆ ಸಮರೂಪ ತ್ರಿಭುಜಗಳ ಪಾಠ ಆಗಿತ್ತು. ಪೋಷಕರ ಸಭೆಯ ದಿನ ಭಾಷಣ ಬೇಡವೆಂದು ಎಲ್ಲರನ್ನೂ ಅಂಗಳಕ್ಕೆ ಕರೆದೆವು. ಮಕ್ಕಳು ಒಂದು ಕೋಲು ನೆಟ್ಟು, ಕೋಲಿನ ನೆರಳು, ತೆಂಗಿನ ಮರದ ನೆರಳು ಎರಡನ್ನೂ ಅಳೆದು, ಮರ ಹತ್ತದೆಯೇ ಅದರ ಎತ್ತರ ಹೇಳಿದರು. ಬಂದಿದ್ದ ತಂದೆಯರಲ್ಲಿ ಒಬ್ಬರು ಕಾಯಿ ಕೆಡವುವ ಕಸುಬಿನವರು. ಅವರು ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ, 'ಹೌದು ಸಾರ್, ಅಷ್ಟೇ ಐತೆ' ಎಂದರು. ಅವರ ಮಗ ತಲೆ ತಗ್ಗಿಸಿ ನಿಂತಿದ್ದವನು ತಲೆ ಎತ್ತಿದ. ಅಪ್ಪನ ಕಣ್ಣಳತೆಯೂ ಮಗನ ಲೆಕ್ಕವೂ ಒಂದೇ ಉತ್ತರಕ್ಕೆ ಬಂದಿದ್ದವು. ಅಲ್ಲಿ ಏನ್ ಹೇಳ್ಕೊಡ್ತಾರೆ ಎಂಬ ನನ್ನ ಅಪ್ಪನ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಅದು. ನಮ್ಮ ಇಲಾಖೆಯ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ತಿರುಳೂ ಇದೇ. ಪೋಷಕರು ಬಂದು ಉತ್ತರ ಪತ್ರಿಕೆ ನೋಡಬೇಕು, ಮಗು ತನ್ನ ಕಲಿಕೆಯನ್ನು ತಾನೇ ತೋರಿಸಬೇಕು. ಅದು ಸಹಿ ಹಾಕಿಸಿಕೊಂಡು ಫೋಟೋ ತೆಗೆದು ವರದಿ ಕಳಿಸುವ ದಿನವಾಗಿ ಸೊರಗದಂತೆ ಕಾಯುವುದು ನಮ್ಮ ಹೊಣೆ.

ಇನ್ನು ಮೂರನೆಯ ಭಾಗ. ಯಾವಾಗ, ಯಾವ ದಾರಿಯಲ್ಲಿ?

ನಾವು ಸಭೆ ಕರೆಯುವುದು ಶಾಲೆಗೆ ಅನುಕೂಲವಾದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಬಂದವರು ಹನ್ನೆರಡು ಜನ ಎಂದಾಗ 'ಪೋಷಕರಿಗೆ ಆಸಕ್ತಿಯೇ ಇಲ್ಲ' ಎಂದು ನಿಟ್ಟುಸಿರು ಬಿಡುತ್ತೇವೆ. ಆ ಹೊತ್ತಿನಲ್ಲಿ ಪೋಷಕರು ಎಲ್ಲಿದ್ದರು ಎಂದು ಕೇಳಿಕೊಂಡಿದ್ದೇವೆಯೆ? ಹುಳು ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಒಪ್ಪೊತ್ತು ಊಟಕ್ಕೂ ಪುರಸೊತ್ತಿಲ್ಲ. ಒಂದು ಬೆಳೆಯ ಸೊಪ್ಪಿನ ಬಹುಪಾಲು ಆ ಕೊನೆಯ ಹಂತದಲ್ಲೇ ಹುಳುವಿನ ಹೊಟ್ಟೆ ಸೇರುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ರಾಮನಗರದಲ್ಲಿ ನೂಲು ತೆಗೆಯುವವರ ಒಲೆ ಮುಂಜಾನೆಯೇ ಹತ್ತಿಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವ ತಾಯಿಗೆ ಅಂದಿನ ಎಣಿಕೆಯೇ ಅಂದಿನ ಕೂಲಿ. ಬಿಡದಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು, ಗಾರ್ಮೆಂಟ್ಸ್ ವ್ಯಾನು ಹತ್ತುವವರು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಇಳಿಯುವವರು ಎಷ್ಟು ಜನ! ಬೆಳಿಗ್ಗೆ ಹನ್ನೊಂದರ ಸಭೆ ಎಂದರೆ ಇವರಿಗೆ ಒಂದು ದಿನದ ಸಂಬಳ. ಸಂಬಳ ಕಳೆದುಕೊಂಡು ಬಂದವರಿಗೆ ನಾವು ಕೇಳಿಸುವುದು ಮೈಕಿನ ಸ್ವಾಗತ ಭಾಷಣ.

ಇದಕ್ಕೆ ದಾರಿಯಿದೆ. ಶಾಲೆ ತೆರೆದ ಮೊದಲ ವಾರದಲ್ಲೇ ಪ್ರತಿ ಮಗುವಿನ ಹತ್ತಿರ ಮೂರು ಸಂಗತಿ ಬರೆದುಕೊಳ್ಳಿ: ಮನೆಯವರ ಕೆಲಸ ಯಾವುದು, ಅವರಿಗೆ ಬಿಡುವು ಯಾವ ಹೊತ್ತು, ಮನೆಯಲ್ಲಿ ಆಡುವ ಮಾತು ಯಾವುದು. ಈ ಮೂರು ಸಾಲುಗಳಿಂದ ಸಭೆಯ ದಿನ ತಾನಾಗಿ ಗೊತ್ತಾಗುತ್ತದೆ. ಭಾನುವಾರ ಸಂಜೆ ಊರಿನ ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಕೂತರೆ ಶಾಲೆಯಲ್ಲಿ ಹನ್ನೆರಡು ಜನ ಸೇರಿದ ಜಾಗದಲ್ಲಿ ಐವತ್ತು ಜನ ಸೇರುತ್ತಾರೆ. ಹಾಲಿನ ಡೈರಿಗೆ ದಿನಕ್ಕೆರಡು ಸಲ ಮನೆಗೊಬ್ಬರು ಬಂದೇ ಬರುತ್ತಾರೆ. ಅಲ್ಲಿನ ಗೋಡೆಯ ಮೇಲೆ ಶಾಲೆಯ ಒಂದು ಹಾಳೆ ಅಂಟಿಸಲು ಖರ್ಚೇನೂ ಇಲ್ಲ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಹತ್ತು ನಿಮಿಷ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಹೀಗೆ ಶಾಲೆಯೇ ಊರಿಗೆ ಹೋಗುವುದನ್ನು ಒಮ್ಮೆ ಮಾಡಿ ತೋರಿಸಿದ್ದೇವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ 'ವಿದ್ಯಾಗಮ'ದ ಹೆಸರಿನಲ್ಲಿ ಮೇಷ್ಟರುಗಳು ಹಳ್ಳಿಗಳಿಗೆ ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ತರಗತಿಗಳಾದವು. ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರ ಮನೆಯಲ್ಲಿ ಸಾದಾ ಫೋನ್ ಇದೆ, ಯಾರ ಮನೆಯಲ್ಲಿ ಯಾವುದೂ ಇಲ್ಲ ಎಂದು ಮಕ್ಕಳನ್ನು ಗುಂಪು ಮಾಡಿಕೊಂಡಾಗ, ಎಷ್ಟೋ ಮೇಷ್ಟರು ತಮ್ಮ ವಿದ್ಯಾರ್ಥಿಯ ಮನೆಯನ್ನು ಮೊದಲ ಬಾರಿಗೆ ಕಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು. ರೋಗ ಹೋಯಿತು, ಶಾಲೆ ತೆರೆಯಿತು, ಮನೆಯ ಹಾದಿಯಲ್ಲಿ ಮತ್ತೆ ಹುಲ್ಲು ಬೆಳೆಯಿತು. ಬೇರೆ ಕಡೆಯೂ ಇಂಥ ನಡೆಯಿದೆ. ಜಪಾನಿನಲ್ಲಿ ಹೊಸ ಶಾಲಾ ವರ್ಷ ಶುರುವಾದ ಮೊದಲ ತಿಂಗಳುಗಳಲ್ಲಿ ತರಗತಿಯ ಶಿಕ್ಷಕರು ಮಕ್ಕಳ ಮನೆಗಳಿಗೆ ಹೋಗಿಬರುವುದು ಹಳೆಯ ವಾಡಿಕೆ. ತರಗತಿಯ ಸುದ್ದಿಯನ್ನು ಪುಟ್ಟ ಪತ್ರವಾಗಿ ಬರೆದು ಮನೆಗೆ ಕಳಿಸುವ ಪದ್ಧತಿಯೂ ಅಲ್ಲಿದೆ. ದೆಹಲಿಯ ಸರ್ಕಾರಿ ಶಾಲೆಗಳು 2016ರ ಜುಲೈನಲ್ಲಿ ಒಂದೇ ದಿನ ಎಲ್ಲೆಡೆ ಪೋಷಕರನ್ನು ಬರಮಾಡಿಕೊಂಡು ಮೇಷ್ಟರ ಎದುರು ಕೂರಿಸಿ ಮಾತನಾಡಿಸಿದವು. ದೂರದ ಈ ಉದಾಹರಣೆಗಳನ್ನು ಹೇಳುವ ಉದ್ದೇಶ ಇಷ್ಟೇ: ಇದು ಆಗದ ಕೆಲಸವಲ್ಲ.

ಫೋನಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಈಗ ಪ್ರತಿ ತರಗತಿಗೂ ವಾಟ್ಸ್‌ಆ್ಯಪ್ ಗುಂಪು ಇದೆ. ಒಳ್ಳೆಯದೇ. ಆದರೆ ಆ ಫೋನು ಯಾರ ಕೈಯಲ್ಲಿದೆ? ಬಹಳ ಮನೆಗಳಲ್ಲಿ ಅದು ಕೆಲಸಕ್ಕೆ ಹೋದ ತಂದೆಯ ಜೇಬಿನಲ್ಲಿರುತ್ತದೆ, ಇಲ್ಲವೇ ಮಗುವಿನ ಕೈಯಲ್ಲೇ ಇರುತ್ತದೆ. ಮಗುವಿನ ಬಗ್ಗೆ ಕಳಿಸಿದ ಸಂದೇಶವನ್ನು ಮಗುವೇ ಓದಿ ಅಳಿಸುತ್ತದೆ. ತಾಯಿಗೆ ತಲುಪಬೇಕಾದರೆ ಬರಹಕ್ಕಿಂತ ಧ್ವನಿ ಮೇಲು. ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಮೇಷ್ಟರ ಮಾತಿನ ಬಿಸಿ ತಿಳಿಯುತ್ತದೆ, ಓದು ಬಾರದವರಿಗೂ ಅರ್ಥವಾಗುತ್ತದೆ. ರಾಮನಗರ, ಚನ್ನಪಟ್ಟಣ ಪೇಟೆಗಳ ಎಷ್ಟೋ ಮನೆಗಳಲ್ಲಿ ಉರ್ದು ಮನೆಮಾತು. ಅದೇ ಸಂದೇಶವನ್ನು ಉರ್ದು ಬಲ್ಲ ಸಹೋದ್ಯೋಗಿಯಿಂದ ಹೇಳಿಸಿದರೆ, ಗೋಷಾದ ಮರೆಯಲ್ಲಿ ನಿಂತು ತಲೆಯಾಡಿಸಿ ಹೋಗುತ್ತಿದ್ದ ತಾಯಿ ಮರುದಿನ ಪ್ರಶ್ನೆ ಕೇಳುತ್ತಾಳೆ. ಕಾಡಂಚಿನ ಇರುಳಿಗ ಬುಡಕಟ್ಟಿನ ಹಾಡಿಯ ಮನೆಗೆ ಫೋನು ಸಾಕಾಗುವುದಿಲ್ಲ, ಕಾಲೇ ಹೋಗಬೇಕು.

ಕೆಲವು ಸುದ್ದಿಗಳು ಜೀವಕ್ಕೆ ಸಂಬಂಧಿಸಿದವು. ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ ನಡೆಸುತ್ತೇವೆ. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಂಜೆಯಾದ ಮೇಲೆ ಆನೆ ಇಳಿಯುತ್ತದೆ. ತರಗತಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಯಾವ ಬಸ್ಸಿದೆ, ತಪ್ಪಿದರೆ ಮಗು ಎಲ್ಲಿ ಕಾಯುತ್ತದೆ ಎಂಬುದು ಹಿಂದಿನ ದಿನವೇ ಮನೆಗೆ ಗೊತ್ತಿರಲೇಬೇಕು. ಫಲಿತಾಂಶ ಹೆಚ್ಚಿಸಬೇಕೆಂಬ ನಮ್ಮ ಆತುರದಲ್ಲಿ ಕತ್ತಲ ಹಾದಿಯಲ್ಲಿ ನಡೆಯುವ ಮಗುವನ್ನು ಮರೆಯಬಾರದು.

ಈಗ ನಾಲ್ಕನೆಯ, ಕೊನೆಯ ಭಾಗ. ಏನನ್ನು ಹೇಳಬಾರದು, ಏನನ್ನು ಕೇಳಿಸಿಕೊಳ್ಳಬೇಕು?

ತಿಳಿಸುವುದು ಒಳ್ಳೆಯದು ಎಂದ ಮಾತ್ರಕ್ಕೆ ಎಲ್ಲವನ್ನೂ, ಎಲ್ಲರಿಗೂ ತಿಳಿಸುವುದು ಒಳ್ಳೆಯದಲ್ಲ. ತರಗತಿಯ ಅಷ್ಟೂ ಮಕ್ಕಳ ಅಂಕಪಟ್ಟಿಯನ್ನು ಗುಂಪಿಗೆ ಹಾಕುವ ಅಭ್ಯಾಸ ನಿಲ್ಲಬೇಕು. ಒಂದು ಮಗುವಿನ ಅಂಕ ಆ ಮಗುವಿನ ಮನೆಗೆ ಸೇರಿದ್ದು. ಬೀದಿಯವರೆಲ್ಲ ನೋಡಿದ ಸೋಲನ್ನು ಹದಿಹರೆಯದ ಮನಸ್ಸು ಸುಲಭಕ್ಕೆ ಮರೆಯುವುದಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಹದಿನೆಂಟು ತುಂಬದವರ ಮಾಹಿತಿಗೆ ವಿಶೇಷ ಎಚ್ಚರ ಕೇಳುತ್ತದೆ. ಕಾನೂನು ಹೇಳುವ ಮೊದಲೇ ನಮ್ಮ ವಿವೇಕ ಹೇಳಬೇಕಾದ ಮಾತು ಅದು.

ಹೆಣ್ಣುಮಕ್ಕಳ ವಿಷಯದಲ್ಲಂತೂ ನಾವು ಆಡುವ ಒಂದೊಂದು ಮಾತನ್ನೂ ತೂಗಬೇಕು. 'ನಿಮ್ಮ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆಯೋ ಮಾತಾಡುತ್ತಿದ್ದಳು' ಎಂದು ಮೇಷ್ಟರು ಹಗುರವಾಗಿ ಆಡಿದ ಒಂದು ಮಾತಿಗೆ ಆ ಹುಡುಗಿಯ ಓದೇ ಬಲಿಯಾಗಬಹುದು. ಅಂಥ ತಪ್ಪನ್ನು ನಾನೂ ಮಾಡಿದ್ದೇನೆ. ಹಿತ ಬಯಸಿಯೇ ಹೇಳಿದ್ದೆ. ಮುಂದಿನ ಸೋಮವಾರದಿಂದ ಅವಳ ಬೆಂಚು ಖಾಲಿಯಾಯಿತು. ಮೂರು ಬಾರಿ ಅವರ ಮನೆಗೆ ಹೋಗಿ, ಅಜ್ಜಿಯನ್ನು ಒಪ್ಪಿಸಿ, ಅವಳನ್ನು ಮತ್ತೆ ಕರೆತರಲು ಎರಡು ತಿಂಗಳು ಹಿಡಿಯಿತು. ಅವಳು ಬಂದಳು, ಆದರೆ ನನ್ನ ಕಡೆ ಮುಖ ಎತ್ತಿ ನೋಡುತ್ತಿರಲಿಲ್ಲ. ಮನೆಗೆ ಏನು ಹೇಳುತ್ತೇನೆಂದು ಮಗುವಿಗೆ ಮೊದಲು ಹೇಳಿ, ಆಮೇಲೆ ಮನೆಗೆ ಹೇಳಬೇಕು ಎಂಬ ಪಾಠವನ್ನು ಕಲಿಸಿದವಳು ಅವಳು. ಇದಕ್ಕೆ ಹೊರತಾದ ಪ್ರಸಂಗಗಳೂ ಇವೆ. ಮನೆಯಿಂದಲೇ ಮಗುವಿಗೆ ಅಪಾಯವಿದ್ದಾಗ, ಹದಿನೆಂಟು ತುಂಬದ ಹುಡುಗಿಗೆ ಮದುವೆ ನಿಶ್ಚಯವಾಗುತ್ತಿದೆ ಎಂದು ತಿಳಿದಾಗ, ಸುದ್ದಿ ಹೋಗಬೇಕಾದ ಜಾಗ ಬೇರೆ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ಮಗುವಿಗೂ ಬಾಯಿಪಾಠ ಇರಬೇಕು.

ಹೇಳುವುದರಷ್ಟೇ ದೊಡ್ಡದು ಕೇಳಿಸಿಕೊಳ್ಳುವುದು. ನಮ್ಮ ರಾಜ್ಯ ಇದರಲ್ಲಿ ಮುಂದಿತ್ತು ಎಂದು ಹೆಮ್ಮೆಯಿಂದ ಹೇಳಬಹುದು. ವಿಜ್ಞಾನಿ ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಚಿಂತನೆಯ ಹಿನ್ನೆಲೆಯಲ್ಲಿ 2001ರಲ್ಲೇ ಇಲ್ಲಿ ಎಸ್‌ಡಿಎಂಸಿಗಳು, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಬಂದವು. ಮುಂದೆ ಶಿಕ್ಷಣ ಹಕ್ಕು ಕಾಯಿದೆ ಇಡೀ ದೇಶಕ್ಕೆ ಶಾಲಾ ಸಮಿತಿಗಳನ್ನು ತಂದು, ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಆದರೆ ಸಮಿತಿಯ ಸಭೆಯಲ್ಲಿ ಹೆಚ್ಚಾಗಿ ಚರ್ಚೆಯಾಗುವುದು ಕಾಂಪೌಂಡು, ಶೌಚಾಲಯ, ಬಣ್ಣ. ಇವೆಲ್ಲ ಬೇಕು. 'ಎಂಟನೇ ತರಗತಿಯಲ್ಲಿ ಕನ್ನಡ ಸರಾಗವಾಗಿ ಓದಲು ಬಾರದ ಮಕ್ಕಳು ಎಷ್ಟು, ಅವರಿಗೆ ಏನು ಮಾಡುತ್ತಿದ್ದೀರಿ' ಎಂಬ ಪ್ರಶ್ನೆಯೂ ಅಲ್ಲಿ ಏಳಬೇಕು. ತಾಯಿಯೊಬ್ಬಳು ಎದ್ದು ಅದನ್ನು ಕೇಳಿದ ದಿನ ಮೇಷ್ಟರು ಸಿಟ್ಟಾಗದೆ ಉತ್ತರ ಕೊಡಬೇಕು.

ಮನೆ ಹೇಳುವ ಮಾತಿನಲ್ಲಿ ನಮಗೆ ಎಲ್ಲಿಯೂ ಸಿಗದ ಮಾಹಿತಿ ಇರುತ್ತದೆ. ನನ್ನ ಅಪ್ಪನಿಗೆ ಅಂದು ಕುರ್ಚಿ ಕೊಟ್ಟು 'ಏಕೆ ಬರಲಿಲ್ಲ ಹುಡುಗ' ಎಂದು ಒಮ್ಮೆ ಕೇಳಿದ್ದರೆ, ಹುಳುವಿನ ಲೆಕ್ಕವನ್ನು ಅವರು ಬೆರಳು ಮಡಚಿ ಹೇಳುತ್ತಿದ್ದರು. ಮುಂದಿನ ಬೆಳೆಯ ಆ ವಾರ ಯಾವಾಗ ಬರುತ್ತದೆಂದು ಶಾಲೆಗೆ ಮೊದಲೇ ತಿಳಿಯುತ್ತಿತ್ತು. ನನಗೂ ನನ್ನಂಥ ಹತ್ತು ಹುಡುಗರಿಗೂ ತಪ್ಪುವ ಪಾಠವನ್ನು ಮುಂಚೆಯೋ ಆಮೇಲೋ ತುಂಬಿಕೊಡಬಹುದಿತ್ತು. ಕೊಡಬೇಕಿದ್ದದ್ದು ಒಂದು ಕುರ್ಚಿ, ಕೇಳಬೇಕಿದ್ದದ್ದು ಒಂದು ಪ್ರಶ್ನೆ.

ಮುಗಿಸುವ ಮುನ್ನ ಮೂರು ಕೋರಿಕೆಗಳನ್ನು ಈ ಸಭೆಯ ಮುಂದಿಡುತ್ತೇನೆ. ಮೂರಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ.

ಶಿಕ್ಷಕ ಬಂಧುಗಳೆ, ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದ ಪ್ರತಿ ಮಗುವಿನ ಮನೆಗೂ ಆಗಸ್ಟ್ ಮುಗಿಯುವುದರೊಳಗೆ ಒಂದು ಒಳ್ಳೆಯ ಸುದ್ದಿ ಮುಟ್ಟಿಸಿ. 'ನಿಮ್ಮ ಮಗಳು ನಕ್ಷೆ ಚೆನ್ನಾಗಿ ಬರೆಯುತ್ತಾಳೆ', 'ನಿಮ್ಮ ಮಗ ಬಿದ್ದವನನ್ನು ಎತ್ತಿ ನೀರು ಕುಡಿಸಿದ'. ಇಷ್ಟು ಸಾಕು. ಅಂಥ ಸುದ್ದಿ ಯಾವ ಮಗುವಿನ ಬಗ್ಗೆಯಾದರೂ ನಿಮಗೆ ಹೊಳೆಯದಿದ್ದರೆ, ಆ ಮಗುವನ್ನು ಇನ್ನೊಂದು ವಾರ ಹತ್ತಿರದಿಂದ ನೋಡಿ.

ತಾಯಂದಿರೆ, ತಂದೆಯರೆ, ಸಂಜೆ ಮಗು ಬಂದಾಗ 'ಎಷ್ಟು ಅಂಕ ಬಂತು' ಎಂಬುದಕ್ಕೆ ಮೊದಲು 'ಇವತ್ತು ಏನು ಹೇಳಿಕೊಟ್ಟರು' ಎಂದು ಕೇಳಿ. ಉತ್ತರ ಪೂರ್ತಿ ಅರ್ಥವಾಗದಿದ್ದರೂ ಕೊನೆಯವರೆಗೂ ಕೇಳಿಸಿಕೊಳ್ಳಿ. ನಿಮಗೆ ಹೇಳುತ್ತ ಹೇಳುತ್ತಲೇ ಮಗು ಆ ಪಾಠವನ್ನು ಇನ್ನೊಮ್ಮೆ ಕಲಿಯುತ್ತದೆ.

ಶಾಲೆಗಳ ಮುಖ್ಯಸ್ಥರೆ, ನಿಮ್ಮ ಕೊಠಡಿಯ ಎದುರು ಒಂದು ಬೆಂಚು ಹಾಕಿಸಿ. ಬಂದವರು ಎಕ್ಕಡ ಬಿಚ್ಚಿ ಬಾಗಿಲಲ್ಲಿ ನಿಲ್ಲಬೇಕಾಗಬಾರದು. ಕೂರಿಸಿ, ನೀರು ಕೊಟ್ಟು, ಮೊದಲು ಅವರ ಮಾತು ಕೇಳಿ.

ಇವು ನಡೆದ ಶಾಲೆಯಲ್ಲಿ ಒಂದು ದಿನ ಮೇಷ್ಟರು ಹುಡುಗನೊಬ್ಬನಿಗೆ 'ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ' ಎನ್ನುತ್ತಾರೆ. ಹುಡುಗ ಹೆದರುವುದಿಲ್ಲ. 'ನಾಳೆ ಬೇಡ ಸಾರ್, ಹುಳು ಹಣ್ಣಾಗ್ತವೆ. ಗುರುವಾರ ಬರ್ತಾರೆ' ಎನ್ನುತ್ತಾನೆ. ಮೇಷ್ಟರು 'ಆಗಲಿ, ಗುರುವಾರ' ಎಂದು ಬರೆದುಕೊಳ್ಳುತ್ತಾರೆ.